ಧರ್ಮಸಭೆ ಹೇಳದ ಮಾತಿಗಾಗಿ ನಾನು ವಾದ ಮಾಡಿದ್ದೆ

(ಚಿಕ್ಕಮಗಳೂರಿನಲ್ಲಿ ಒಂದು ಭಾನುವಾರ ಬಲಿಪೂಜೆ (ಮಾಸ್) ಮುಗಿದ ಮೇಲೆ ಚರ್ಚಿನ ಹಾಲಿನಲ್ಲಿ ಆಡಿದ ಮಾತು ಇದು. ಕೆಲವರು ಬರೆದು ಕೊಡಿ ಅಂದರು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನೂ ಹಾಕಿದ್ದೇನೆ.)

ಎಲ್ಲರಿಗೂ ಸ್ತೋತ್ರ. ನಮ್ಮ ಚರ್ಚಿನ ಸ್ವಾಮಿಗಳು ನನಗೆ ಕೊಟ್ಟ ವಿಷಯ, ನಮ್ಮ ವಿಶ್ವಾಸವನ್ನು ಬೇರೆಯವರಿಗೆ ವಿವರಿಸುವುದು ಹೇಗೆ, ಯಾರಾದರೂ ಆಕ್ಷೇಪ ಎತ್ತಿದರೆ ಉತ್ತರ ಹೇಳುವುದು ಹೇಗೆ ಅಂತ. ನಾನು ಗುರುಮಠದಲ್ಲಿ ಓದಿದವಳಲ್ಲ. ಹಾಸನ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ಈಗ ಇಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ. ನನಗೆ ಗೊತ್ತಿರುವುದೆಲ್ಲ ಮನೆಯಲ್ಲಿ ಕೂತು ಓದಿ ಕಲಿತದ್ದು. ಅದನ್ನೇ ಹೇಳುತ್ತೇನೆ, ಓದುವುದಕ್ಕೆ ಮುಂಚೆ ಮಾಡಿದ ಒಂದು ತಪ್ಪಿನಿಂದ ಶುರು ಮಾಡುತ್ತೇನೆ.

ಸ್ಟಾಫ್ ರೂಮಿನಲ್ಲಿ ಊಟದ ಹೊತ್ತು. ನಮ್ಮ ವಿಜ್ಞಾನದ ಮೇಷ್ಟ್ರು ಡಬ್ಬಿ ಬಿಚ್ಚುತ್ತಾ ಕೇಳಿದರು, "ಮೇಡಂ, ನಿಮ್ಮ ಪೋಪ್ ತಪ್ಪೇ ಮಾಡಲ್ವಂತೆ, ಹೌದಾ?" ಅವರು ಕುಹಕಕ್ಕೆ ಕೇಳಿದ್ದಲ್ಲ. ಎಲ್ಲೋ ಓದಿದ್ದರು, ನಿಜವಾಗಿ ತಿಳಿದುಕೊಳ್ಳೋಣ ಅಂತ ಕೇಳಿದ್ದರು. ನಾನು ಹೌದು ಅಂದೆ. ಪೋಪ್ ಹೇಳಿದ್ದರಲ್ಲಿ ತಪ್ಪು ಇರುವುದಕ್ಕೆ ಸಾಧ್ಯವೇ ಇಲ್ಲ ಅಂದೆ. "ಹಾಗಾದರೆ ಗೆಲಿಲಿಯೋ?" ಅಂದರು. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದಕ್ಕೂ ಮನಸ್ಸು ಬರಲಿಲ್ಲ. ನಿಮಗೆ ನಮ್ಮ ಧರ್ಮದ ಮೇಲೆ ಯಾಕೆ ಇಷ್ಟು ಸಿಟ್ಟು ಅಂತ ದನಿ ಏರಿಸಿದೆ. ಬೆಲ್ ಆಯಿತು, ಎಲ್ಲರೂ ಕ್ಲಾಸಿಗೆ ಎದ್ದು ಹೋದರು. ಆಮೇಲೆ ಐದು ವರ್ಷ ಅವರು ನನ್ನ ಹತ್ತಿರ ಟೈಮ್ ಟೇಬಲ್ ಬಗ್ಗೆ ಮಾತಾಡಿದರು, ಮಳೆ ಬಗ್ಗೆ ಮಾತಾಡಿದರು, ವಿಶ್ವಾಸದ ಬಗ್ಗೆ ಮಾತ್ರ ಒಂದೂ ಮಾತು ಕೇಳಲಿಲ್ಲ. ಒಂದು ಬಾಗಿಲನ್ನು ನಾನೇ ಮುಚ್ಚಿದ್ದೆ.

ಸ್ವಲ್ಪ ಕಾಲ ಆದ ಮೇಲೆ ಕಥೋಲಿಕ ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚಿನ, ಧರ್ಮೋಪದೇಶ ಗ್ರಂಥ ನನ್ನ ಕೈಗೆ ಬಂತು. 1992ರಲ್ಲಿ ಆಗಿನ ಪೋಪ್ ಎರಡನೆಯ ಜಾನ್ ಪೌಲರು ಹೊರತಂದದ್ದು. ದಪ್ಪ ಪುಸ್ತಕ, 2865 ಪರಿಚ್ಛೇದ. ಮೊದಲ ಪುಟದಿಂದ ಓದುವ ಧೈರ್ಯ ಆಗಲಿಲ್ಲ. ಹಿಂದಿನ ವಿಷಯಸೂಚಿ ತೆಗೆದು ಪೋಪ್ ಅಂತ ಹುಡುಕಿದೆ. ಅಲ್ಲಿ ಇದ್ದದ್ದೇ ಬೇರೆ.

ಲೋಕದ ಬಿಷಪರೆಲ್ಲ ಸೇರುವ ಸಭೆಗೆ ಮಹಾಸಭೆ ಅನ್ನುತ್ತೇವೆ. 1870ರಲ್ಲಿ ಮೊದಲನೆಯ ವ್ಯಾಟಿಕನ್ ಮಹಾಸಭೆ ಹೇಳಿದ್ದು ಇಷ್ಟು: ಪೋಪರು ಇಡೀ ಧರ್ಮಸಭೆಯ ಕುರುಬರಾಗಿ ನಿಂತು, ವಿಶ್ವಾಸಕ್ಕೋ ನೀತಿಗೋ ಸೇರಿದ ಒಂದು ಬೋಧನೆಯನ್ನು, ಇದನ್ನು ಎಲ್ಲ ವಿಶ್ವಾಸಿಗಳೂ ಒಪ್ಪಬೇಕು ಅಂತ ಕಡೆಯ ಮಾತಾಗಿ ಸಾರಿದಾಗ ಆ ಬೋಧನೆಯಲ್ಲಿ ತಪ್ಪು ಬಾರದ ಹಾಗೆ ಪವಿತ್ರಾತ್ಮರು ಕಾಯುತ್ತಾರೆ. ಅವರು ಪಾಪ ಮಾಡುವುದಿಲ್ಲ ಅಂತಲ್ಲ. ವಿಜ್ಞಾನ, ರಾಜಕೀಯ, ಹವಾಮಾನ ಎಲ್ಲದರಲ್ಲೂ ಅವರ ಮಾತೇ ಸರಿ ಅಂತಲೂ ಅಲ್ಲ. 1870ರ ನಂತರ ಸ್ಪಷ್ಟವಾಗಿ ಈ ರೀತಿ ಸಾರಿದ್ದು ಒಂದೇ ಸಲ, 1950ರಲ್ಲಿ, ಯೇಸುವಿನ ತಾಯಿ ಮರಿಯಮ್ಮನವರು ದೇಹಾತ್ಮ ಸಹಿತ ಸ್ವರ್ಗಕ್ಕೆ ಸ್ವೀಕೃತರಾದರು ಅನ್ನುವುದನ್ನು. ಮೊದಲನೆಯ ಪೋಪ್ ಅಂತ ನಾವು ನಂಬುವ ಪೇತ್ರನಿಗೇ ಪೌಲ ಎಲ್ಲರ ಮುಂದೆ, ನೀನು ಮಾಡುತ್ತಿರುವುದು ತಪ್ಪು ಅಂದದ್ದು ಗಲಾತ್ಯರಿಗೆ ಬರೆದ ಪತ್ರದ ಎರಡನೇ ಅಧ್ಯಾಯದಲ್ಲಿ ಇದೆ. ಭೂಮಿಯೇ ಸೂರ್ಯನ ಸುತ್ತ ತಿರುಗುತ್ತದೆ ಅಂದ ಗೆಲಿಲಿಯೋಗೆ 1633ರಲ್ಲಿ ಶಿಕ್ಷೆ ಕೊಟ್ಟದ್ದು ಧರ್ಮಸಭೆಯ ವಿಚಾರಣಾ ನ್ಯಾಯಾಲಯ (ಇನ್‌ಕ್ವಿಸಿಷನ್), ಅದು ಇಂಥ ಘೋಷಣೆಯಾಗಿರಲಿಲ್ಲ. ಆ ತೀರ್ಪು ಕೊಟ್ಟವರು ತಪ್ಪು ಮಾಡಿದರು ಅಂತ 1992ರಲ್ಲಿ ಎರಡನೆಯ ಜಾನ್ ಪೌಲರೇ ಬಹಿರಂಗವಾಗಿ ಒಪ್ಪಿಕೊಂಡರು.

ಅಂದರೆ ಆವತ್ತು ನಾನು ದನಿ ಏರಿಸಿ ಕಾಪಾಡಿದ್ದು ಧರ್ಮಸಭೆಯ ಬೋಧನೆಯನ್ನಲ್ಲ. ಧರ್ಮಸಭೆ ಎಂದೂ ಹೇಳದ, ನನ್ನ ತಲೆಯಲ್ಲಿ ಮಾತ್ರ ಇದ್ದ ಒಂದು ಮಾತನ್ನು. ಆ ಮೇಷ್ಟ್ರ ಆಕ್ಷೇಪ ಸರಿಯಾಗೇ ಇತ್ತು!

ಇದನ್ನೇ ಇವತ್ತು ನಿಮ್ಮ ಮುಂದೆ ಇಡಬೇಕು ಅಂತ ಬಂದೆ. ವಿಶ್ವಾಸವನ್ನು ಸಮರ್ಥಿಸಲು ಓದುವುದು ಅಂದರೆ ಎದುರಿನವರ ಬಾಯಿ ಮುಚ್ಚಿಸುವ ಉತ್ತರಗಳನ್ನು ಕೂಡಿಡುವುದು ಅಂತ ತುಂಬ ಜನ ತಿಳಿದಿದ್ದಾರೆ. ನನಗೆ ಓದಿನಿಂದ ಮೊದಲು ಆದ ಉಪಕಾರ ಬೇರೆ. ಯಾವುದನ್ನು ಸಮರ್ಥಿಸಬೇಕಾಗಿಲ್ಲ ಅಂತ ಗೊತ್ತಾಯಿತು. ಕಾಫಿ ಕೊಯ್ದು ಅಭ್ಯಾಸ ಇರುವವರಿಗೆ ಗೊತ್ತು, ಹಣ್ಣಿನ ಜೊತೆ ಹಸಿರು ಕಾಯಿಯನ್ನೂ ಕಿತ್ತು ಚೀಲಕ್ಕೆ ಹಾಕಿದರೆ ಇಡೀ ರಾಶಿಯ ರುಚಿ ಕೆಡುತ್ತದೆ. ಒಂದು ತಪ್ಪು ಮಾತನ್ನು ಹಟ ಹಿಡಿದು ಸಾಧಿಸಿದರೆ ಜೊತೆಗೆ ಹೇಳಿದ ಹತ್ತು ಸರಿ ಮಾತನ್ನೂ ಯಾರೂ ನಂಬುವುದಿಲ್ಲ.

ಇನ್ನೊಂದು ಉದಾಹರಣೆ ಹೇಳುತ್ತೇನೆ, ಇದು ನನ್ನ ಬಾಲ್ಯದ್ದು. ನಮ್ಮ ತಂದೆ ಎಸ್ಟೇಟಿನಲ್ಲಿ ರೈಟರಾಗಿದ್ದರು. ಲೈನ್ ಮನೆಯಲ್ಲಿದ್ದ ಒಬ್ಬರು ಅಜ್ಜಿ, ಕ್ರೈಸ್ತರಲ್ಲ, ಅಮ್ಮ ಆಸ್ಪತ್ರೆಯಲ್ಲಿದ್ದಾಗ ನಮ್ಮನ್ನು ತಿಂಗಳುಗಟ್ಟಲೆ ಸಾಕಿದರು. ಅವರು ತೀರಿಕೊಂಡಾಗ ನನಗಿಂತ ದೊಡ್ಡ ಹುಡುಗಿಯೊಬ್ಬಳು, ಅವರಿಗೆ ಜ್ಞಾನಸ್ನಾನ ಆಗಿಲ್ಲ, ನರಕಕ್ಕೇ ಹೋಗುವುದು ಅಂದಳು. ನಾನು ರಾತ್ರಿಯೆಲ್ಲ ಅತ್ತೆ. ದೊಡ್ಡವಳಾದ ಮೇಲೂ ಯಾರಾದರೂ, ನಾವೆಲ್ಲ ನರಕಕ್ಕೇ ಅಂತೀರಲ್ವಾ ನೀವು ಅಂತ ಕೇಳಿದರೆ ಮುಖ ತಗ್ಗಿಸುತ್ತಿದ್ದೆ. ಧರ್ಮಸಭೆ ಹಾಗೇ ಹೇಳುತ್ತದೆ ಅಂದುಕೊಂಡಿದ್ದೆ. ಓದಿದ ಮೇಲೆ ಗೊತ್ತಾಯಿತು. ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲೇ ಇದನ್ನು ಬರೆದಿಟ್ಟಿದೆ: ತಮ್ಮದಲ್ಲದ ತಪ್ಪಿನಿಂದ ಕ್ರಿಸ್ತರನ್ನು ಅರಿಯದೆ, ಆದರೂ ಪ್ರಾಮಾಣಿಕವಾಗಿ ದೇವರನ್ನು ಹುಡುಕುತ್ತಾ, ಮನಸ್ಸಾಕ್ಷಿ ಹೇಳಿದಂತೆ ನಡೆಯಲು ಪ್ರಯತ್ನಿಸುವವರೂ ರಕ್ಷಣೆ ಹೊಂದಬಹುದು. ಅದಕ್ಕೂ ಹಿಂದೆ 1949ರಲ್ಲಿ, ಕಥೋಲಿಕರಲ್ಲದವರಿಗೆ ರಕ್ಷಣೆಯೇ ಇಲ್ಲ ಅಂತ ಬೋಸ್ಟನ್ ನಗರದಲ್ಲಿ ಕಟ್ಟುನಿಟ್ಟಾಗಿ ಬೋಧಿಸುತ್ತಿದ್ದ ಒಬ್ಬ ಗುರುವನ್ನು, ಅಂದರೆ ಪಾದ್ರಿಯನ್ನು, ರೋಮ್ ಪತ್ರ ಬರೆದು ತಿದ್ದಿತ್ತು. ರಕ್ಷಣೆ ಬರುವುದು ಕ್ರಿಸ್ತರಿಂದಲೇ, ಅದನ್ನು ನಾವು ಬಿಟ್ಟುಕೊಡುವುದಿಲ್ಲ. ಆದರೆ ಅವರ ಕೈ ಎಲ್ಲಿಯವರೆಗೆ ಚಾಚುತ್ತದೆ ಅಂತ ಗೆರೆ ಎಳೆಯುವುದು ನಮ್ಮ ಕೆಲಸ ಅಲ್ಲ. ಆ ಪುಟ ಓದಿದ ದಿನ ನನಗೆ ಆ ಅಜ್ಜಿಯ ಮುಖ ನೆನಪಾಯಿತು.

ಸೃಷ್ಟಿಯ ವಿಷಯವೂ ಹೀಗೇ. ದೇವರು ಆರು ದಿನದಲ್ಲಿ ಲೋಕ ಸೃಷ್ಟಿಸಿದರು ಅಂತ ಬೈಬಲಿನಲ್ಲಿದೆ. ಆ ಆರು ದಿನ ಅಂದರೆ ಆರು ಸಲ 24 ಗಂಟೆ ಅಂತಲೇ ಸಾಧಿಸಬೇಕು ಅಂತ ಕೆಲವರು ತಿಳಿಯುತ್ತಾರೆ. ಸಂತ ಅಗಸ್ಟೀನರು 5ನೇ ಶತಮಾನದ ಆರಂಭದಲ್ಲೇ ಎಚ್ಚರಿಸಿದ್ದರು. ಭೂಮಿ, ಆಕಾಶ, ನಕ್ಷತ್ರಗಳ ಚಲನೆ ಇವುಗಳನ್ನು ಕ್ರೈಸ್ತರಲ್ಲದವರೂ ಚೆನ್ನಾಗಿ ತಿಳಿದಿರುತ್ತಾರೆ, ಅವರೆದುರು ನಾವು ಬೈಬಲಿನ ಹೆಸರು ಹೇಳಿ ತಪ್ಪುತಪ್ಪಾಗಿ ಮಾತಾಡಿದರೆ ಪುನರುತ್ಥಾನದ ಬಗ್ಗೆ ಹೇಳಿದಾಗ ಅವರು ಹೇಗೆ ನಂಬಿಯಾರು ಅಂತ. ವಿಶ್ವ ಹಿಗ್ಗುತ್ತಿದೆ ಅಂತ 1927ರಲ್ಲಿ ಲೆಕ್ಕ ಹಾಕಿ ಬರೆದ ಬೆಲ್ಜಿಯಂನ ಜಾರ್ಜ್ ಲೆಮೈತ್ರ್ ನಮ್ಮದೇ ಒಬ್ಬ ಗುರು.

ಸರಿ, ಸಮರ್ಥನೆ ಅನ್ನುವ ಮಾತಿಗೇ ಬರೋಣ. ಪೇತ್ರರ ಮೊದಲನೆಯ ಪತ್ರ, ಮೂರನೇ ಅಧ್ಯಾಯ, 15ನೇ ವಚನ. ನಿಮ್ಮಲ್ಲಿರುವ ನಂಬಿಕೆ-ನಿರೀಕ್ಷೆಗೆ ಕಾರಣ ಏನು ಅಂತ ಕೇಳುವವರಿಗೆ ಉತ್ತರ ಹೇಳಲು ಯಾವಾಗಲೂ ಸಿದ್ಧರಾಗಿರಿ ಅನ್ನುತ್ತಾರೆ. ಅಲ್ಲಿ ಉತ್ತರ ಅನ್ನುವುದಕ್ಕೆ ಇರುವ ಗ್ರೀಕ್ ಪದ ಅಪೊಲೊಗಿಯ. ಆಪಾದನೆ ಹೊತ್ತವನು ನ್ಯಾಯಾಲಯದಲ್ಲಿ ಎದ್ದು ನಿಂತು ತನ್ನ ಪರವಾಗಿ ಹೇಳುವ ಮಾತು ಅದು. ಆದರೆ ಅಲ್ಲಿಗೇ ನಿಲ್ಲಬೇಡಿ, ಮುಂದಕ್ಕೆ ಓದಿ. ಸೌಮ್ಯವಾಗಿ, ಗೌರವದಿಂದ ಹೇಳಿ ಅನ್ನುತ್ತಾರೆ. ಈ ಪತ್ರ ಬರೆದದ್ದು ಯಾರಿಗೆ? ಈಗಿನ ಟರ್ಕಿಯ ಊರುಗಳಲ್ಲಿ ಚದುರಿಹೋಗಿ, ಅಕ್ಕಪಕ್ಕದವರಿಂದ ಕೆಟ್ಟ ಮಾತು ಕೇಳುತ್ತಾ ಬದುಕುತ್ತಿದ್ದ ಬೆರಳೆಣಿಕೆಯ ಜನಕ್ಕೆ. ಸಿಟ್ಟು ಬರುವುದಕ್ಕೆ ಅವರಿಗೆ ನಮಗಿಂತ ಜಾಸ್ತಿ ಕಾರಣ ಇತ್ತು. ಇನ್ನೊಂದು ಮಾತು, ಅದು "ಕೇಳುವವರಿಗೆ" ಅಂತ ಇದೆ. ಕೇಳದವರ ಹಿಂದೆ ಬಿದ್ದು ವಾದ ಮಾಡಿ ಅಂತ ಇಲ್ಲ.

ಈಗ ವಾದದ ಕ್ರಮ. ನಮ್ಮ ಜಿಲ್ಲೆಯಲ್ಲೇ ಶೃಂಗೇರಿ ಇದೆ. ಶಂಕರಾಚಾರ್ಯರೂ ಮಂಡನಮಿಶ್ರರೂ ವಾದ ಮಾಡಿದ್ದು, ಮಂಡನರ ಹೆಂಡತಿಯೇ ತೀರ್ಪುಗಾರ್ತಿಯಾಗಿ ಕೂತದ್ದು, ಈ ಕಥೆ ಕೇಳದವರು ಇಲ್ಲಿ ಯಾರಿದ್ದೀರಿ? ಆ ಪರಂಪರೆಯಲ್ಲಿ ಪೂರ್ವಪಕ್ಷ ಅಂತ ಒಂದಿದೆ. ನಿನ್ನ ಸಿದ್ಧಾಂತ ಹೇಳುವ ಮೊದಲು ಎದುರಾಳಿಯ ವಾದವನ್ನು, ಅವನೇ ಹೌದು ನಾನು ಹೇಳುವುದು ಇದೇ ಅನ್ನಬೇಕು, ಹಾಗೆ ಮಂಡಿಸು. ಕನ್ನಡ ಮೇಷ್ಟ್ರುಗಳಿಗೆಲ್ಲ ಇದು ಗೊತ್ತು. ನನಗೆ ಆಶ್ಚರ್ಯ ಆದದ್ದು, 13ನೇ ಶತಮಾನದ ಸಂತ ಥಾಮಸ್ ಅಕ್ವಿನಾಸರನ್ನು ಓದುವಾಗ. ಅವರೂ ಮಾಡುವುದು ಅದನ್ನೇ! ದೇವರಿದ್ದಾರೆಯೇ ಅನ್ನುವ ಪ್ರಶ್ನೆ ಎತ್ತಿಕೊಂಡು ಮೊದಲ ಸಾಲಿನಲ್ಲೇ, ದೇವರಿಲ್ಲ ಅಂತ ತೋರುತ್ತದೆ ಅಂತ ಬರೆಯುತ್ತಾರೆ. ಎರಡು ಕಾರಣ ಕೊಡುತ್ತಾರೆ. ಅಪಾರ ಒಳ್ಳೆಯತನವೇ ದೇವರಾದರೆ ಲೋಕದಲ್ಲಿ ಕೇಡು ಇರಬಾರದಿತ್ತು, ಆದರೆ ಇದೆ. ಎರಡನೆಯದು, ಪ್ರಕೃತಿಯಿಂದ ಮತ್ತು ಮನುಷ್ಯರ ಬುದ್ಧಿಯಿಂದಲೇ ಎಲ್ಲವನ್ನೂ ವಿವರಿಸಬಹುದಾದರೆ ದೇವರು ಯಾತಕ್ಕೆ? ಇವತ್ತು ಕಾಲೇಜು ಹುಡುಗರು ಕೇಳುವುದೂ ಈ ಎರಡನ್ನೇ ಅಲ್ವಾ? ಒಬ್ಬ ಸನ್ಯಾಸಿ ಅದನ್ನು ಮುಚ್ಚಿಡಲಿಲ್ಲ, ತಾನೇ ಮೊದಲು ಬರೆದು ಆಮೇಲೆ ಉತ್ತರಕ್ಕೆ ಕೂತರು.

ಹಾಗೆ ಮಾಡಿ ನೋಡೋಣ. ನನಗೆ ಜಾಸ್ತಿ ಬರುವ ಪ್ರಶ್ನೆ ಒಂದಿದೆ, ಅದೂ ಬೇರೆ ಸಭೆಗಳಿಗೆ ಹೋಗುವ ನಮ್ಮ ನೆಂಟರಿಂದಲೇ. "ಬೈಬಲಿನಲ್ಲೇ ಯೇಸುವಿನ ತಮ್ಮಂದಿರು ಅಂತ ಇದೆ. ಮರಿಯಮ್ಮ ನಿತ್ಯ ಕನ್ಯೆ ಅಂತ ಹೇಗೆ ಹೇಳುತ್ತೀಯಕ್ಕಾ?"

ಪೂರ್ವಪಕ್ಷ ಗಟ್ಟಿಯಾಗಿಯೇ ಇದೆ. ಮಾರ್ಕನ ಶುಭಸಂದೇಶದ ಆರನೇ ಅಧ್ಯಾಯ ಯಕೋಬ, ಯೋಸೆ, ಯೂದ, ಸಿಮೋನ ಅಂತ ಹೆಸರು ಹಿಡಿದು ಹೇಳುತ್ತದೆ. ಅಲ್ಲಿರುವ ಗ್ರೀಕ್ ಪದ ಅದೆಲ್ಫೊಸ್, ಅದರ ಮೊದಲ ಅರ್ಥ ಒಡಹುಟ್ಟಿದವನು. ಚಿಕ್ಕಪ್ಪ-ದೊಡ್ಡಪ್ಪನ ಮಕ್ಕಳಿಗೆ ಗ್ರೀಕಿನಲ್ಲಿ ಬೇರೆ ಪದವೇ ಇದೆ, ಪೌಲರು ಅದನ್ನು ಕೊಲೊಸ್ಸೆಯರ ಪತ್ರದಲ್ಲಿ ಬಳಸಿಯೂ ಇದ್ದಾರೆ. ಇದನ್ನು ನಾವೇ ಮೊದಲು ಹೇಳಿಬಿಡಬೇಕು.

ಆಮೇಲೆ ಉತ್ತರ. ಅಬ್ರಹಾಮನಿಗೆ ಲೋಟ ಒಡಹುಟ್ಟಿದವನ ಮಗ, ಆದರೂ ಆದಿಕಾಂಡದ 13ನೇ ಅಧ್ಯಾಯದಲ್ಲಿ ನಾವು ಸಹೋದರರು ಅನ್ನುತ್ತಾನೆ. ಅದನ್ನು ಗ್ರೀಕಿಗೆ ತಂದ ಯೆಹೂದ್ಯರು ಅದೆಲ್ಫೊಸ್ ಅನ್ನುವ ಪದವನ್ನೇ ಹಾಕಿದರು. ಇದು ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಯೇ ಇಲ್ಲ. ದೊಡ್ಡಪ್ಪನ ಮಗನನ್ನು ನಾವು ಏನಂತ ಕರೆಯುತ್ತೇವೆ? ಅಣ್ಣ. ಚಿಕ್ಕಮ್ಮನ ಮಗ? ತಮ್ಮ. ನಮ್ಮ ಮನೆಗೆ ಬಂದವರಿಗೆ ಇವನು ನನ್ನ ತಮ್ಮ ಅಂತಲೇ ಪರಿಚಯ ಮಾಡಿಸುತ್ತೇನೆ, ಒಂದೇ ಹೊಟ್ಟೆಯಲ್ಲಿ ಹುಟ್ಟಿದವನೋ ಅಂತ ಯಾರೂ ಕೇಳುವುದಿಲ್ಲ. ಇನ್ನೂ ಮುಂದಕ್ಕೆ ಮಾರ್ಕನ 15ನೇ ಅಧ್ಯಾಯಕ್ಕೆ ಹೋದರೆ, ಶಿಲುಬೆಯಿಂದ ದೂರ ನಿಂತಿದ್ದ ಹೆಂಗಸರಲ್ಲಿ ಚಿಕ್ಕ ಯಕೋಬ ಮತ್ತು ಯೋಸೆ ಇವರ ತಾಯಿಯಾದ ಇನ್ನೊಬ್ಬ ಮರಿಯಳು ಇದ್ದಾಳೆ. ಯೊವಾನ್ನನ 19ನೇ ಅಧ್ಯಾಯದಲ್ಲಿ ಯೇಸು ತಾಯಿಯನ್ನು ಒಪ್ಪಿಸುವುದು ಒಬ್ಬ ಶಿಷ್ಯನಿಗೆ. ಬೆನ್ನಿಗೆ ಹುಟ್ಟಿದ ನಾಲ್ಕು ಗಂಡುಮಕ್ಕಳು ಇದ್ದಿದ್ದರೆ ತಾಯಿಯನ್ನು ಹೊರಗಿನವರಿಗೆ ಒಪ್ಪಿಸುವ ಪ್ರಮೇಯ ಎಲ್ಲಿತ್ತು? ಪೂರ್ವದ ಸಭೆಗಳಲ್ಲಿ, ಅವರು ಜೋಸೆಫರ ಮೊದಲ ಮದುವೆಯ ಮಕ್ಕಳು ಅನ್ನುವ ಹಳೆಯ ನಂಬಿಕೆಯೂ ಇದೆ. ಪ್ರಾಟೆಸ್ಟಂಟ್ ಪಂಥ ಶುರುವಾಗಲು ಕಾರಣರಾದ ಮಾರ್ಟಿನ್ ಲೂಥರ್ ಸಹ ಮರಿಯಮ್ಮ ನಿತ್ಯ ಕನ್ಯೆ ಅಂತಲೇ ನಂಬಿದ್ದರು.

ಇದರಿಂದ ಗಣಿತದ ಲೆಕ್ಕದ ಹಾಗೆ ಸಾಬೀತಾಯಿತು ಅಂತ ನಾನು ಹೇಳುವುದಿಲ್ಲ, ನೀವೂ ಹೇಳಬೇಡಿ. ನಮ್ಮ ನಂಬಿಕೆಗೆ ಬೈಬಲ್ ಅಡ್ಡ ಬರುವುದಿಲ್ಲ, ಹಳೆಯ ಕಾಲದಿಂದ ಓದಿದವರಲ್ಲಿ ಬಹಳ ಜನ ಹೀಗೇ ಅರ್ಥ ಮಾಡಿಕೊಂಡು ಬಂದಿದ್ದಾರೆ ಅಂತ ಹೇಳಿ. ಅಷ್ಟು ಹೇಳಿದರೆ ಕೇಳಿದವರು ಯೋಚನೆ ಮಾಡುತ್ತಾರೆ. ಜಾಸ್ತಿ ಹೇಳಿದರೆ ಜಗಳ ಶುರುವಾಗುತ್ತದೆ.

ಮರಿಯಮ್ಮನ ವಿಷಯದಲ್ಲಿ ಭಾಷೆಯ ತೊಡಕೂ ಒಂದಿದೆ. ನಾವೇ ಸಲೀಸಾಗಿ "ಮರಿಯಮ್ಮನ ಪೂಜೆ" ಅಂದುಬಿಡುತ್ತೇವೆ. ಕನ್ನಡದಲ್ಲಿ ಪೂಜೆ ಅನ್ನುವುದು ವಿಶಾಲವಾದ ಮಾತು, ಗುರುಪೂಜೆ ಅನ್ನುತ್ತೇವೆ, ಆಯುಧಪೂಜೆ ಅನ್ನುತ್ತೇವೆ. ಕೇಳಿದವರು, ನೀವೂ ದೇವಿಯನ್ನು ಪೂಜಿಸುತ್ತೀರಿ, ನಾವೂ ಪೂಜಿಸುತ್ತೇವೆ, ಎರಡೂ ಒಂದೇ ಅಂದುಕೊಳ್ಳುತ್ತಾರೆ. ಪೆಂತೆಕೋಸ್ತ್ ಸಭೆಯ ನೆಂಟರು ಅದೇ ಮಾತನ್ನು ಹಿಡಿದು ವಿಗ್ರಹಾರಾಧನೆ ಅನ್ನುತ್ತಾರೆ. 787ರ ಎರಡನೆಯ ನೈಸಿಯ ಮಹಾಸಭೆ ಈ ಗೊಂದಲಕ್ಕೇ ಉತ್ತರ ಕೊಟ್ಟಿತ್ತು. ಆರಾಧನೆ ದೇವರೊಬ್ಬರಿಗೆ, ಸಂತರಿಗೂ ಸ್ವರೂಪಗಳಿಗೂ ಸಲ್ಲುವುದು ವಂದನೆ, ಆ ವಂದನೆ ಮರಕ್ಕೋ ಬಣ್ಣಕ್ಕೋ ಅಲ್ಲ, ಅದು ತೋರಿಸುವ ವ್ಯಕ್ತಿಗೆ ಸೇರುತ್ತದೆ ಅಂತ. ಮಕ್ಕಳಿಗೆ ನಾನು ಇಷ್ಟೂ ಹೇಳುವುದಿಲ್ಲ. ಮನೆಯಲ್ಲಿ ಜಪಸರ ಆದ ಮೇಲೆ ಹೇಳುವ ಮನವಿಮಾಲೆಯನ್ನು ನಿಧಾನವಾಗಿ ಓದಿ ಅನ್ನುತ್ತೇನೆ. ದೇವರ ಹೆಸರು ಬಂದ ಕಡೆ ನಾವು ಕೇಳುವುದು, ನಮಗೆ ದಯೆ ತೋರು. ಮರಿಯಮ್ಮನ ಹೆಸರು ಬಂದ ತಕ್ಷಣ ನಮ್ಮ ಮಾತು ಬದಲಾಗುತ್ತದೆ, ನಮಗಾಗಿ ಪ್ರಾರ್ಥಿಸಿ. ನಿಮ್ಮ ಅಜ್ಜಿಯ ಕಾಲದಿಂದ ಈ ವ್ಯತ್ಯಾಸ ನಿಮ್ಮ ನಾಲಿಗೆಯ ಮೇಲೇ ಇದೆ, ಗಮನಿಸಿರಲಿಲ್ಲ ಅಷ್ಟೇ.

ಬೈಬಲಿನ ಏಳು ಪುಸ್ತಕಗಳ ಬಗ್ಗೆಯೂ ಆಕ್ಷೇಪ ಬರುತ್ತದೆ, ಅದನ್ನು ಬೇಗ ಹೇಳುತ್ತೇನೆ. ನಮ್ಮ ಬೈಬಲಿನಲ್ಲಿ 73 ಪುಸ್ತಕ, ಪ್ರಾಟೆಸ್ಟಂಟರದ್ದರಲ್ಲಿ 66. ತ್ರೆಂತ್ ಮಹಾಸಭೆಯಲ್ಲಿ, 1546ರಲ್ಲಿ, ಕಥೋಲಿಕರು ಏಳನ್ನು ಸೇರಿಸಿಕೊಂಡರು ಅನ್ನುವ ಮಾತು ಓಡಾಡುತ್ತಿರುತ್ತದೆ. ಅದಕ್ಕೂ ಸುಮಾರು 90 ವರ್ಷ ಮೊದಲು ಗುಟೆನ್‌ಬರ್ಗ್ ಅಚ್ಚು ಹಾಕಿದ ಬೈಬಲಿನಲ್ಲೇ ಅವು ಇವೆ. 397ರ ಕಾರ್ಥೇಜ್ ಸಭೆಯ ಪಟ್ಟಿಯಲ್ಲೂ ಇವೆ. ಸಂತ ಜೆರೋಮರಿಗೆ ಅವುಗಳ ಬಗ್ಗೆ ಅನುಮಾನ ಇತ್ತು, ಯಾಕೆಂದರೆ ಹೀಬ್ರೂ ಪಟ್ಟಿಯಲ್ಲಿ ಇರಲಿಲ್ಲ. ಇದನ್ನೂ ಮುಚ್ಚಿಡಬೇಡಿ. ತ್ರೆಂತ್ ಮಾಡಿದ್ದು ಹಳೆಯ ಪಟ್ಟಿಗೆ ಮುದ್ರೆ ಒತ್ತಿದ್ದು.

ಈಗ ಮತ್ತೆ ಆ ವಿಜ್ಞಾನದ ಮೇಷ್ಟ್ರಿಗೆ ಬರುತ್ತೇನೆ. ಒಂದು ಬೇಸಿಗೆಯಲ್ಲಿ ನಾವು ಕೆಲವರು ಶಿಕ್ಷಕರು ಗೊರೂರು ಅಣೆಕಟ್ಟು ನೋಡಿಕೊಂಡು ಶೆಟ್ಟಿಹಳ್ಳಿಗೆ ಹೋಗಿದ್ದೆವು. ನಿಮಗೆಲ್ಲ ಗೊತ್ತಿರುವ ಚರ್ಚು ಅದು. 1860ರ ದಶಕದಲ್ಲಿ ಫ್ರೆಂಚ್ ಮಿಶನರಿಗಳು ಕಟ್ಟಿಸಿದ್ದು, ಹೇಮಾವತಿಯ ಹಿನ್ನೀರು ಬಂದ ಮೇಲೆ ಊರು ಬಿಟ್ಟುಹೋಗಿ, ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಎದ್ದು ನಿಲ್ಲುವ ಗೋಡೆಗಳು. ಎಲ್ಲರೂ ಫೋಟೋ ತೆಗೆಯುತ್ತಿದ್ದರು. ಮೇಷ್ಟ್ರು ಪೀಠ ಇದ್ದ ಕಡೆ ನಿಂತು, ಮೆಲ್ಲಗೆ ಕೇಳಿದರು, "ಮೇಡಂ, ಬೇಜಾರು ಮಾಡ್ಕೋಬೇಡಿ. ಇಲ್ಲಿ ಸೇರಿ ಏನು ಮಾಡ್ತಿದ್ರು?"

ಐದು ವರ್ಷದ ಮೇಲೆ ಬಂದ ಪ್ರಶ್ನೆ. ಬೇಜಾರು ಮಾಡ್ಕೋಬೇಡಿ ಅನ್ನುವ ಮಾತು ಎದೆಗೆ ನಾಟಿತು.

ಆ ದಿನಗಳಲ್ಲಿ ನಾನು ಸಂತ ಜಸ್ಟಿನರನ್ನು ಓದುತ್ತಿದ್ದೆ. 2ನೇ ಶತಮಾನದವರು, ತತ್ವಶಾಸ್ತ್ರ ಓದಿ, ಆಮೇಲೆ ಕ್ರೈಸ್ತರಾದವರು. ಕ್ರೈಸ್ತರು ಕದ್ದುಮುಚ್ಚಿ ಸೇರಿ ನರಮಾಂಸ ತಿನ್ನುತ್ತಾರೆ ಅಂತ ಆಗ ರೋಮ್‌ನಲ್ಲಿ ಸುದ್ದಿ ಹಬ್ಬಿತ್ತು. ಜಸ್ಟಿನರು ಸುಮಾರು 155ರಲ್ಲಿ ಚಕ್ರವರ್ತಿ ಆಂಟೊನೈನಸ್ ಪಯಸ್‌ಗೇ ಮನವಿ ಬರೆದರು. ಅದರಲ್ಲಿ ಬೈಗುಳ ಇಲ್ಲ. ನಾವು ಸೇರಿದಾಗ ಏನು ಮಾಡುತ್ತೇವೆ ಅಂತ ಸುಮ್ನೆ ಒಂದೊಂದಾಗಿ ಹೇಳುತ್ತಾ ಹೋಗುತ್ತಾರೆ. ಸೂರ್ಯನ ದಿನ ಪಟ್ಟಣದವರೂ ಹಳ್ಳಿಯವರೂ ಒಂದೆಡೆ ಸೇರುತ್ತೇವೆ. ಪ್ರೇಷಿತರ, ಅಂದರೆ ಯೇಸುವಿನ ಮೊದಲ ಶಿಷ್ಯರ, ನೆನಪುಗಳನ್ನೋ ಪ್ರವಾದಿಗಳ ಬರಹವನ್ನೋ ಓದುತ್ತಾರೆ. ಮುಂದೆ ನಿಂತವರು ಒಳ್ಳೆಯದನ್ನು ಅನುಸರಿಸಿ ಅಂತ ಬುದ್ಧಿ ಹೇಳುತ್ತಾರೆ. ಎಲ್ಲರೂ ಎದ್ದು ಪ್ರಾರ್ಥಿಸುತ್ತೇವೆ. ರೊಟ್ಟಿ, ದ್ರಾಕ್ಷಾರಸ, ನೀರು ತರುತ್ತಾರೆ. ಅವರು ಕೃತಜ್ಞತೆ ಸಲ್ಲಿಸುತ್ತಾರೆ, ಜನ ಆಮೆನ್ ಅನ್ನುತ್ತಾರೆ. ಎಲ್ಲರಿಗೂ ಹಂಚುತ್ತಾರೆ, ಬರಲಾಗದವರಿಗೆ ಮನೆಗೇ ಕಳಿಸುತ್ತಾರೆ. ಇದನ್ನು ನಾವು ಮಾಮೂಲಿ ರೊಟ್ಟಿ ಅಂತ ತಿನ್ನುವುದಿಲ್ಲ, ಮನುಷ್ಯರಾದ ಯೇಸುವಿನ ಶರೀರ, ರಕ್ತ ಅಂತ ಕಲಿತಿದ್ದೇವೆ. ಉಳ್ಳವರು ಕೊಟ್ಟ ಕಾಣಿಕೆ ಅನಾಥರಿಗೆ, ವಿಧವೆಯರಿಗೆ, ಕಾಯಿಲೆಯವರಿಗೆ, ಸೆರೆಯಲ್ಲಿರುವವರಿಗೆ, ಊರಿಗೆ ಬಂದ ಪರಕೀಯರಿಗೆ.

ಈ ಕ್ರಮವನ್ನೇ ನಾನು ಮೇಷ್ಟ್ರಿಗೆ ಹೇಳಿದೆ. ಇಲ್ಲಿ ನಿಂತು ವಾಚನ ಓದುತ್ತಿದ್ದರು, ಅಲ್ಲಿ ಜನ ಮಂಡಿಯೂರುತ್ತಿದ್ದರು, ಇಲ್ಲಿ ರೊಟ್ಟಿ ಎತ್ತಿ ಹಿಡಿಯುತ್ತಿದ್ದರು ಅಂತ ಜಾಗ ತೋರಿಸುತ್ತಾ ಹೋದೆ. 1800 ವರ್ಷಕ್ಕೂ ಜಾಸ್ತಿ ಹಳೆಯದು, ಮೊನ್ನೆ ಭಾನುವಾರ ನಮ್ಮ ಚರ್ಚಿನಲ್ಲಿ ನಡೆದದ್ದೂ ಇದೇ ಅಂದೆ. ಅವರು ತುಂಬ ಹೊತ್ತು ಗೋಡೆ ನೋಡುತ್ತಿದ್ದರು. ಆಮೇಲೆ, "ಇಷ್ಟು ಕ್ರಮವಾಗಿ ಯಾರೂ ನನಗೆ ಹೇಳಿರಲಿಲ್ಲ" ಅಂದರು. ನಾನು ಸ್ಟಾಫ್ ರೂಮಿನ ಆ ದಿನ ನೆನಪಿಸಿ, ಗೆಲಿಲಿಯೋ ವಿಷಯದಲ್ಲಿ ನೀವು ಹೇಳಿದ್ದು ಸರಿ, ನಾನೇ ತಪ್ಪು ತಿಳಿದಿದ್ದೆ ಅಂದೆ. ಬಸ್ಸಿನಲ್ಲಿ ಹಾಸನದವರೆಗೂ ಮಾತಾಡಿಕೊಂಡು ಬಂದೆವು. ಅವರು ಕ್ರೈಸ್ತರಾಗಲಿಲ್ಲ, ನಾನೂ ಅದಕ್ಕಾಗಿ ಹೇಳಿದ್ದಲ್ಲ. ಕೇಳಿದ್ದಕ್ಕೆ ಉತ್ತರ ಸಿಕ್ಕಿತು, ಅವರ ಮನೆಗೆ ನಾನು ಈಗಲೂ ಹೋಗುತ್ತೇನೆ.

ಕಷ್ಟದ ಇನ್ನೊಂದು ಮಾತು ಇದೆ, ಬಿಟ್ಟುಹೋದರೆ ಈ ಉಪನ್ಯಾಸ ಅರ್ಧವಾಗುತ್ತದೆ. ಮತಾಂತರದ ಆಪಾದನೆ. ಗೋವಾದಲ್ಲಿ ಏನಾಯಿತು ಅಂತ ಕೇಳುತ್ತಾರೆ. 1560ರಿಂದ, ನಡುವೆ ಸ್ವಲ್ಪ ಕಾಲ ನಿಂತರೂ, 1812ರವರೆಗೆ ಅಲ್ಲಿ ವಿಚಾರಣಾ ನ್ಯಾಯಾಲಯ ಇತ್ತು, ಜನರಿಗೆ ಹಿಂಸೆಯಾಯಿತು. ಇದಕ್ಕೆ ಸಮರ್ಥನೆ ಹುಡುಕಬೇಡಿ. 2000ದ ಮಾರ್ಚ್ 12ರಂದು ಎರಡನೆಯ ಜಾನ್ ಪೌಲರು, ಸತ್ಯದ ಸೇವೆಯ ಹೆಸರಿನಲ್ಲಿ ಧರ್ಮಸಭೆಯ ಮಕ್ಕಳು ಮಾಡಿದ ಹಿಂಸೆಗಾಗಿ ಸಂತ ಪೇತ್ರರ ಮಹಾದೇವಾಲಯದಲ್ಲಿ ದೇವರ ಕ್ಷಮೆ ಕೇಳಿದರು. ಅವರೇ ಕ್ಷಮೆ ಕೇಳಿದ್ದನ್ನು ನಾವು ಯಾಕೆ ಸರಿ ಅನ್ನಬೇಕು? ಆದರೆ ಇದನ್ನೂ ಹೇಳಿ: ವಿಶ್ವಾಸ ಸ್ವಂತ ಮನಸ್ಸಿನಿಂದ ಬರಬೇಕು, ಯಾರನ್ನೂ ಬಲವಂತ ಮಾಡಕೂಡದು ಅಂತ 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಘೋಷಿಸಿದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 748ನೇ ವಿಧಿ, ಮನಸ್ಸಾಕ್ಷಿಗೆ ವಿರುದ್ಧವಾಗಿ ಯಾರನ್ನೂ ಕಥೋಲಿಕ ವಿಶ್ವಾಸಕ್ಕೆ ಒತ್ತಾಯಿಸುವಂತಿಲ್ಲ ಅನ್ನುತ್ತದೆ. ಬೇರೆ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದದ್ದು ಯಾವುದನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲ ಅಂತ ಅದೇ 1965ರ ಇನ್ನೊಂದು ಘೋಷಣೆಯಲ್ಲಿದೆ. ಆಸೆ ತೋರಿಸಿ ಕರೆತರುವವರು ಇದ್ದರೆ ಅವರು ನಮ್ಮ ಕಾನೂನನ್ನೇ ಮುರಿಯುತ್ತಿದ್ದಾರೆ.

ಹೇಗೆ ಓದಬೇಕು ಅಂತ ಯುವಕರು ಕೇಳುತ್ತಾರೆ. ಫೋನಿನಲ್ಲಿ ವಾದವಿವಾದದ ವಿಡಿಯೋ ನೋಡುವುದನ್ನು ಮೊದಲು ಕಡಿಮೆ ಮಾಡಿ. ಅದರಲ್ಲಿ ಎದುರಿನವರನ್ನು ಸೋಲಿಸುವ ಚಟ ಅಂಟುತ್ತದೆ. ಮಾರ್ಕನ ಶುಭಸಂದೇಶದಿಂದ ಶುರು ಮಾಡಿ, 16 ಅಧ್ಯಾಯ, ಮಳೆಗಾಲದ ಒಂದು ಸಂಜೆಗೆ ಮುಗಿಯುತ್ತದೆ. ಒಂದೇ ಸಲಕ್ಕೆ ಓದಿ. ವಾರವಾರ ತುಂಡು ತುಂಡಾಗಿ ಕೇಳಿದವರಿಗೆ ಅದು ಒಂದು ಓಟದ ಕಥೆ ಅಂತ ಗೊತ್ತೇ ಇರುವುದಿಲ್ಲ. ಧರ್ಮೋಪದೇಶ ಗ್ರಂಥ ಭಾರ ಅನ್ನಿಸಿದರೆ 2005ರಲ್ಲಿ ಬಂದ ಸಂಕ್ಷಿಪ್ತ ರೂಪ ಇದೆ, 598 ಪ್ರಶ್ನೋತ್ತರ. ನಾನು ಒಂದು ಲಾಂಗ್ ಬುಕ್ ಇಟ್ಟಿದ್ದೇನೆ. ಯಾರಾದರೂ ಏನಾದರೂ ಕೇಳಿದರೆ ಅವರ ಮಾತಿನಲ್ಲೇ ಎಡಗಡೆ ಪುಟದಲ್ಲಿ ಬರೆದುಕೊಳ್ಳುತ್ತೇನೆ, ನನ್ನ ಮಾತಿಗೆ ತಿದ್ದುವುದಿಲ್ಲ. ಬಲಗಡೆ ಪುಟ ಎಷ್ಟೋ ಸಲ ತಿಂಗಳುಗಟ್ಟಲೆ ಖಾಲಿ ಇರುತ್ತದೆ, ಇರಲಿ. ಗೊತ್ತಿಲ್ಲ, ಓದಿ ಹೇಳುತ್ತೇನೆ ಅಂದರೆ ಯಾರೂ ನಗುವುದಿಲ್ಲ. ಆದರೆ ಹೇಳುತ್ತೇನೆ ಅಂದ ಮೇಲೆ ಹೋಗಿ ಹೇಳಬೇಕು.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಪಿಯುಸಿ ಓದುವ ಹುಡುಗಿಯೊಬ್ಬಳು, "ಹಾಸ್ಟೆಲಿನಲ್ಲಿ ನನ್ನ ಫ್ರೆಂಡ್ ಕೇಳ್ತಾಳೆ ಟೀಚರ್, ಆ ರೊಟ್ಟಿ ನಿಜವಾಗ್ಲೂ ಯೇಸುನಾ, ಇಲ್ಲ ಗುರುತಾ ಅಂತ" ಅಂದಳು. ಯೊವಾನ್ನನ ಆರನೇ ಅಧ್ಯಾಯವನ್ನು ಇಬ್ಬರೂ ಕೂತು ಓದಿ ಅಂದೆ. ನನ್ನ ಶರೀರ ತಿನ್ನಿರಿ ಅಂದಾಗ ಇದು ಕಠಿಣ ಮಾತು ಅಂತ ಎಷ್ಟೋ ಶಿಷ್ಯರು ಬಿಟ್ಟು ಹೋದರು. ಯೇಸು ಅವರನ್ನು ಕೂಗಿ, ನಿಲ್ಲಿ, ನಾನು ಗುರುತಾಗಿ ಹೇಳಿದ್ದು ಅನ್ನಲಿಲ್ಲ. ಹನ್ನೆರಡು ಮಂದಿಯ ಕಡೆ ತಿರುಗಿ, ನೀವೂ ಹೋಗುತ್ತೀರಾ ಅಂದರು. ಪೇತ್ರನಿಗೂ ಅರ್ಥವಾಗಿತ್ತು ಅಂತ ನನಗೆ ಅನ್ನಿಸುವುದಿಲ್ಲ. ಯಾರ ಬಳಿಗೆ ಹೋಗೋಣ ಸ್ವಾಮಿ ಅಂದ, ಅಷ್ಟೇ. ನಿನ್ನ ಫ್ರೆಂಡ್ ಓದಿ ಏನು ಹೇಳುತ್ತಾಳೋ ಬಂದು ನನಗೆ ಹೇಳು ಅಂದೆ.

ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬರು ಹಿರಿಯರು ಎದ್ದರು. ಅವರ ಮೊಮ್ಮಗ ಹೋದ ವರ್ಷ ತೀರಿಕೊಂಡದ್ದು ಇಲ್ಲಿ ಎಲ್ಲರಿಗೂ ಗೊತ್ತು. "ಇಷ್ಟೆಲ್ಲ ಓದಿದ್ದೀಯಲ್ಲಮ್ಮ, ದೇವರು ಯಾಕೆ ಹಾಗೆ ಮಾಡಿದ ಅಂತ ಎಲ್ಲಾದರೂ ಬರೆದಿದೆಯಾ?" ಅಂದರು.

ಹಾಲ್ ಪೂರ್ತಿ ಸುಮ್ಮನಾಯಿತು. ಇಲ್ಲ ಅಪ್ಪಾಜಿ ಅಂದೆ. ಧರ್ಮೋಪದೇಶ ಗ್ರಂಥದ 309ನೇ ಪರಿಚ್ಛೇದ ಈ ಪ್ರಶ್ನೆಯನ್ನು ಎತ್ತಿಕೊಂಡು, ಇದಕ್ಕೆ ಅವಸರದ ಉತ್ತರ ಸಾಲದು ಅನ್ನುತ್ತದೆ. ಅಷ್ಟನ್ನು ಮಾತ್ರ ಹೇಳಿ ಕೂತೆ.

ಆ ಸಂಜೆ ಬೈಬಲ್ ಹಿಡಿದುಕೊಂಡು ಅವರ ಮನೆಗೆ ಹೋದೆ. ಕಾಫಿ ಕೊಟ್ಟರು. 88ನೇ ಕೀರ್ತನೆ ಓದಿದೆ. ಅಳುತ್ತಾ ಶುರುವಾಗುವ ಬೇರೆ ಕೀರ್ತನೆಗಳು ಹೆಚ್ಚಾಗಿ ಕೊನೆಗೆ ದೇವರಿಗೆ ಸ್ತುತಿ ಹೇಳಿಯೋ ಭರವಸೆ ಇಟ್ಟೋ ಮುಗಿಯುತ್ತವೆ. ಇದು ಹಾಗಲ್ಲ. ದೇವರೇ, ಯಾಕೆ ಮುಖ ಮರೆಸಿಕೊಂಡೆ ಅಂತ ಕೇಳುತ್ತಾ ಹೋಗಿ, ಕತ್ತಲೆ ಅನ್ನುವ ಮಾತಿನಲ್ಲೇ ನಿಂತುಬಿಡುತ್ತದೆ.

"ಇದು ಬೈಬಲಲ್ಲೇ ಇದೆಯಾ?" ಅಂದರು.

ಇದೆ ಅಂದೆ, ಪುಟ ತೋರಿಸಿದೆ. ಅವರು ಕನ್ನಡಕ ಹುಡುಕಿ ತಂದು, ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು, ಮೊದಲ ಸಾಲಿನಿಂದ ತಾವೇ ಗಟ್ಟಿಯಾಗಿ ಓದಲು ಶುರು ಮಾಡಿದರು.